ದಾಳಿಂಬೆ ಗಿಡದ ಮೇಲೆ ಸಿಕ್ಕ ಉದ್ದಮೀಸೆ ಜೀರುಂಡೆ: ಮಾವಿನದೋ, ಜಾಲಿಯದೋ? ಗುರುತು ಹಿಡಿಯುವುದು ಹೇಗೆ?

ಕುಷ್ಟಗಿ ದಾಳಿಂಬೆ:
ಎಲ್ಲರಿಗೂ ನಮಸ್ಕಾರ. ನಮ್ಮದು ಕುಷ್ಟಗಿ ಹತ್ತಿರ ದಾಳಿಂಬೆ ತೋಟ. ಬದುವಿನ ಮೇಲೆ ಕರಿಜಾಲಿ ಮರಗಳಿವೆ. ಪಕ್ಕದ ಹೊಲದವರು ಕೇಸರ್ ಮಾವು ಹಾಕಿದ್ದಾರೆ. ಮುಂಗಾರು ಶುರುವಾದ ಮೇಲೆ ಉದ್ದ ಮೀಸೆಯ ಜೀರುಂಡೆಗಳು ಜಾಸ್ತಿ ಕಾಣುತ್ತಿವೆ. ಮೂರು ಫೋಟೋ ಹಾಕಿದ್ದೇನೆ.

ಒಂದನೆಯದು ಹಗಲಲ್ಲೇ ದಾಳಿಂಬೆಯ ಹಸಿ ರೆಂಬೆ ಮೇಲೆ ಕೂತು ತೊಗಟೆ ಕೆರೆಯುತ್ತಿತ್ತು. ಎರಡನೆಯದು ಮಾವಿನ ತೋಟದ ಪಂಪ್‌ಸೆಟ್ ಮನೆಯ ಲೈಟಿನ ಕೆಳಗೆ ಬಿದ್ದಿತ್ತು. ಮೂರನೆಯದು ನಮ್ಮ ಮನೆ ಗೋಡೆ ಮೇಲೆ ಸಿಕ್ಕಿದ್ದು. ಔಷಧಿ ಅಂಗಡಿಯವರಿಗೆ ತೋರಿಸಿದರೆ "ಎಲ್ಲಾ ಒಂದೇ, ಕಾಂಡ ಕೊರಕ" ಎಂದು ಒಂದು ಬಾಟ್ಲಿ ಕೈಗಿಟ್ಟರು. ವಾಟ್ಸಾಪ್ ಗುಂಪಿನಲ್ಲಿ ಒಬ್ಬರು, ಮಾವಿನ ಹುಳ ದಾಳಿಂಬೆಗೆ ಇಳಿದಿದೆ ಎನ್ನುತ್ತಿದ್ದಾರೆ. ತೋಟದಲ್ಲಿ ಎರಡು ಗಿಡ ಒಣಗಿವೆ. ಇವು ಒಂದೇ ಜಾತಿಯೋ ಬೇರೆ ಬೇರೆಯೋ, ತಿಳಿದವರು ಹೇಳಿ.

ಕೀಟದ ಗೀಳು (ಕೊಪ್ಪಳ):
ಅಣ್ಣಾ, ಮೂರೂ ಒಂದೇ ಕುಟುಂಬದವು, ಸೆರಾಂಬಿಸಿಡೀ. ಆದರೆ ಒಂದೇ ಹುಳ ಖಂಡಿತ ಅಲ್ಲ. ಎರಡನೆಯದು ಬ್ಯಾಟೊಸೆರಾ, ಮಾವಿನ ಕಾಂಡ ಕೊರೆಯುವ ಗುಂಪಿನದು. ಒಂದನೆಯದು ಬ್ಯಾಟೊಸೆರಾ ಅಲ್ಲವೇ ಅಲ್ಲ. ಮೂರನೆಯದು ಇವೆರಡಕ್ಕೂ ದೂರದ ಸಂಬಂಧಿ.

ಬೆನ್ನಿನ ಫೋಟೋ ಒಂದರಿಂದಲೇ ಜಾತಿ ಹೇಳಿಬಿಟ್ಟರೆ ಅದು ಜ್ಯೋತಿಷ್ಯ ಆಗುತ್ತದೆ. ಹುಳ ಇನ್ನೂ ಡಬ್ಬಿಯಲ್ಲಿ ಇದ್ದರೆ ಇಷ್ಟು ಫೋಟೋ ತೆಗೆದು ಹಾಕಿ. ಪಕ್ಕದಿಂದ ಮುಖ. ಎದೆಯ ಪಕ್ಕದಲ್ಲಿ ಮುಳ್ಳು ಇದೆಯೋ ಇಲ್ಲವೋ ಕಾಣುವ ಹಾಗೆ ಒಂದು. ಬೆನ್ನಿನ ಗಟ್ಟಿ ರೆಕ್ಕೆಯ ತುದಿ, ಆದಷ್ಟು ಹತ್ತಿರದಿಂದ. ಹೊಟ್ಟೆಯ ಕಡೆ. ಮೀಸೆ ಪೂರ್ತಿ, ಬುಡದಿಂದ ತುದಿವರೆಗೆ. ಪಕ್ಕದಲ್ಲಿ ಮಕ್ಕಳ ಸ್ಕೇಲ್ ಇಟ್ಟರೆ ಇನ್ನೂ ಒಳ್ಳೆಯದು.

ಒಣಗಿದ ಗಿಡಗಳನ್ನು ಕಿತ್ತು ಹಾಕಬೇಡಿ. ಮೊದಲು ಬುಡ ನೋಡೋಣ.

ಅಂಜೂರ ತೋಟ (ಕುರುಗೋಡು):
ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಸರ ಮಾಡ್ಕೋಬೇಡಿ. ನಮ್ಮ ಅಂಜೂರದಲ್ಲಿ ಇದೇ ಬ್ಯಾಟೊಸೆರಾ ಕಾಟ ಹಳೆಯದು. ಆದರೆ ನನಗೆ ಎರಡು ತರಹ ಸಿಗುತ್ತವೆ. ಒಂದಕ್ಕೆ ಬೆನ್ನ ಮೇಲೆ ಸಣ್ಣ ಸಣ್ಣ ಹಳದಿ ಚುಕ್ಕೆ ಸುಮಾರು ಇರುತ್ತವೆ, ಲೆಕ್ಕಕ್ಕೆ ಸಿಗುವುದಿಲ್ಲ. ಇನ್ನೊಂದಕ್ಕೆ ದೊಡ್ಡ ಬಿಳಿ ಮಚ್ಚೆ, ಕೆಲವೇ ಕೆಲವು. ಎರಡಕ್ಕೂ ಎದೆಯ ಮೇಲೆ ಕೆಂಪಗೆ ಎರಡು ಗುರುತು ಇವೆ. ನಮ್ಮ ಕಾಕಾ ಒಂದು ಗಂಡು, ಒಂದು ಹೆಣ್ಣು ಎನ್ನುತ್ತಾರೆ. ಹೌದಾ?

ಕೀಟದ ಗೀಳು (ಕೊಪ್ಪಳ):
ಬೇಸರ ಏನಿಲ್ಲ ಅಣ್ಣಾ, ಇದು ಈ ಚರ್ಚೆಗೆ ಬೇಕಾದ ಪ್ರಶ್ನೆಯೇ. ಅವು ಗಂಡು ಹೆಣ್ಣು ಅಲ್ಲ, ಎರಡು ಜಾತಿ. ಸಣ್ಣ ಚುಕ್ಕೆ ಜಾಸ್ತಿ ಇರುವುದು ಬ್ಯಾಟೊಸೆರಾ ರುಫೊಮ್ಯಾಕುಲೇಟಾ. 1775ರಲ್ಲಿ ಡಿ ಗೀರ್ ಇದನ್ನು ವಿವರಿಸಿ ಹೆಸರಿಟ್ಟ. ದೊಡ್ಡ ಮಚ್ಚೆಯದು ಬ್ಯಾಟೊಸೆರಾ ರೂಬಸ್. ಇದು ಇನ್ನೂ ಹಳೆಯ ಹೆಸರು, 1758ರಲ್ಲಿ ಲಿನ್ನೇಯಸ್ ಇಟ್ಟದ್ದು.

ಎರಡಕ್ಕೂ ಇರುವುದನ್ನು ಮೊದಲು ಹೇಳಿಬಿಡುತ್ತೇನೆ. ಜನ ಅವನ್ನೇ ಗುರುತು ಎಂದುಕೊಂಡು ಎಡವುವುದು. ಎದೆಯ ಮೇಲಿನ ಆ ಎರಡು ಕಿತ್ತಳೆ-ಕೆಂಪು ಬಾಗಿದ ಮಚ್ಚೆ, ಎದೆಯ ಎರಡೂ ಪಕ್ಕದಲ್ಲಿ ಒಂದೊಂದು ಚೂಪು ಮುಳ್ಳು, ರೆಕ್ಕೆಗಳ ಬುಡದ ನಡುವಿನ ಬಿಳಿ ಚೂರು, ರೆಕ್ಕೆಯ ಬುಡದಲ್ಲಿ ಕಪ್ಪು ಹೊಳೆಯುವ ಕಾಳಿನಂಥ ಉಬ್ಬುಗಳು, ಹೊಟ್ಟೆಯ ಪಕ್ಕದಲ್ಲಿ ಉದ್ದಕ್ಕೂ ಬಿಳಿ ಪಟ್ಟೆ. ಇವು ಎರಡರಲ್ಲೂ ಇವೆ. ಹಾಗಾಗಿ ಇವುಗಳಿಂದ ಬ್ಯಾಟೊಸೆರಾ ಎಂಬಲ್ಲಿಗೆ ಬರಬಹುದು, ಅದಕ್ಕಿಂತ ಮುಂದೆ ಹೋಗಲಾಗದು.

ಮುಂದಿನದಕ್ಕೆ ರೆಕ್ಕೆ ನೋಡಿ. ರೂಬಸ್‌ಗೆ ಒಂದೊಂದು ರೆಕ್ಕೆಯಲ್ಲಿ ಸಾಮಾನ್ಯವಾಗಿ ನಾಲ್ಕು ಮುಖ್ಯ ಮಚ್ಚೆ, ಮೇಲಿನಿಂದ ಎರಡನೆಯದೇ ಎಲ್ಲಕ್ಕಿಂತ ದೊಡ್ಡದು. ಅದರ ಮಗ್ಗುಲಲ್ಲಿ ಒಂದೆರಡು ಪುಟ್ಟ ಚುಕ್ಕೆ ಇರಬಹುದು. ರುಫೊಮ್ಯಾಕುಲೇಟಾದಲ್ಲಿ ಚುಕ್ಕೆ ಜಾಸ್ತಿ, ಗಾತ್ರ ಚಿಕ್ಕದು, ಆಕಾರಕ್ಕೆ ಕ್ರಮ ಇಲ್ಲ.

ಗಂಡು ಸಿಕ್ಕರೆ ಇನ್ನೊಂದು ಪರೀಕ್ಷೆ ಇದೆ, ನನಗೆ ಚುಕ್ಕೆಗಿಂತ ಇದರ ಮೇಲೆ ನಂಬಿಕೆ ಜಾಸ್ತಿ. ರೂಬಸ್ ಗಂಡಿನ ಮೀಸೆಯಲ್ಲಿ ಮೂರನೇ ಗೆಣ್ಣಿನಿಂದ ಆಚೆಗೆ ಒಂದೊಂದು ಗೆಣ್ಣಿನ ತುದಿಯೂ ಒಳಗಡೆಗೆ ದಪ್ಪಗಿರುತ್ತದೆ. ಹತ್ತನೇ ಗೆಣ್ಣಿನಲ್ಲಿ ಅದು ಮುಕ್ಕೋನದ ಮುಳ್ಳಿನ ಹಾಗೆ ಎದ್ದು ಕಾಣುತ್ತದೆ. ಮೀಸೆಗೆ ಒಟ್ಟು ಹನ್ನೊಂದು ಗೆಣ್ಣು, ಎಣಿಸುವುದು ಕಷ್ಟವೇನಲ್ಲ. ಮೀಸೆಯ ಎರಡನೇ ಗೆಣ್ಣು ಬಹಳ ಗಿಡ್ಡ, ಅದನ್ನು ಬಿಟ್ಟು ಎಣಿಸಿದರೆ ಲೆಕ್ಕ ತಪ್ಪುತ್ತದೆ.

ಗಂಡು ಹೆಣ್ಣಿನ ವಿಷಯಕ್ಕೆ ಬಂದರೆ ಕಾಕಾರಿಗೆ ಹೀಗೆ ಹೇಳಿ: ಗಂಡಿನ ಮೀಸೆ ಮೈಗಿಂತ ಬಹಳ ಉದ್ದ, ಹೆಣ್ಣಿನದು ಅಷ್ಟಿಲ್ಲ. ಮಚ್ಚೆಗೂ ಅದಕ್ಕೂ ಸಂಬಂಧ ಇಲ್ಲ.

ಅಂಜೂರ ತೋಟ (ಕುರುಗೋಡು):
ಹೇಳುತ್ತೇನೆ, ಕೇಳುವುದು ಅವರಿಗೆ ಬಿಟ್ಟದ್ದು 😄
ಹಾಗಾದರೆ ಅಂಜೂರಕ್ಕೆ ಬರುವುದು ರೂಬಸ್, ಮಾವಿಗೆ ಬರುವುದು ಇನ್ನೊಂದು, ಹೀಗೆ ಇಟ್ಟುಕೊಳ್ಳಬಹುದಾ?

ಕೀಟದ ಗೀಳು (ಕೊಪ್ಪಳ):
ಬೇಡ. ಎರಡೂ ಅಂಜೂರ, ಆಲ, ಅತ್ತಿ ಜಾತಿಯ ಮರಗಳಿಗೂ ಹೋಗುತ್ತವೆ, ಮಾವಿಗೂ ಹೋಗುತ್ತವೆ. ರುಫೊಮ್ಯಾಕುಲೇಟಾ ಹಲಸು, ಬೂರುಗ, ಹಿಪ್ಪುನೇರಳೆಯನ್ನೂ ಬಿಡುವುದಿಲ್ಲ. ಮರದ ಹೆಸರಿನಿಂದ ಅನುಮಾನ ಹುಟ್ಟಬೇಕು ಅಷ್ಟೇ, ತೀರ್ಪು ಅಲ್ಲ.

ಲಿಂಗಸುಗೂರು ರೈತ:
ಸಿಟ್ಟಾಗಬೇಡಿ, ಒಂದು ಮಾತು. ರುಫೋ ಆದರೇನು ರೂಬಸ್ ಆದರೇನು, ಮರ ಕೊರೆಯುತ್ತದೆ ತಾನೇ? ಮೀಸೆಯ ಗೆಣ್ಣು ಎಣಿಸುತ್ತಾ ಕೂತರೆ ಗಿಡ ಉಳಿಯುತ್ತದಾ?

ಕೀಟದ ಗೀಳು (ಕೊಪ್ಪಳ):
ಸರಿಯಾದ ಮಾತು ಸರ್. ಆ ಎರಡು ಬ್ಯಾಟೊಸೆರಾಗಳ ಮಟ್ಟಿಗೆ ನಿಮ್ಮ ಕೆಲಸ ಒಂದೇ. ಅಲ್ಲಿ ಜಾತಿ ಗೊತ್ತಾಗದಿದ್ದರೂ ನಷ್ಟ ಇಲ್ಲ. ಆದರೆ ಕುಷ್ಟಗಿಯವರ ಮೂರು ಹುಳಗಳಿಗೆ ಇದು ಅನ್ವಯಿಸುವುದಿಲ್ಲ. ಒಂದು ಮರದ ಬೊಡ್ಡೆಯಲ್ಲಿ ಕೊರೆಯುತ್ತದೆ. ಒಂದು ಬುಡದಿಂದ ಬೇರಿಗೆ ಇಳಿಯುತ್ತದೆ. ಒಂದಕ್ಕೆ ಬೇಕಾದದ್ದು ಒಣಗಿದ ಕಟ್ಟಿಗೆ, ಅದಕ್ಕಾಗಿ ಹಸಿ ಗಿಡಕ್ಕೆ ಔಷಧಿ ಹೊಡೆದರೆ ದುಡ್ಡು ದಂಡ. ರಂಧ್ರ ಎಲ್ಲಿ ಹುಡುಕಬೇಕು ಎನ್ನುವುದನ್ನು ಹುಳದ ಹೆಸರು ಹೇಳುತ್ತದೆ. ನನಗೆ ಹೆಸರು ಬೇಕಾಗಿರುವುದು ಅದಕ್ಕೆ.

ರೇಷ್ಮೆ ಮನೆ (ಯಲಬುರ್ಗಾ):
ಇದಕ್ಕೆ ನಮ್ಮ ಹಿಪ್ಪುನೇರಳೆಯೇ ಸಾಕ್ಷಿ. ನಮ್ಮಲ್ಲಿ ಸ್ಥೇನಿಯಾಸ್ ಗ್ರೈಸೇಟರ್ ಬರುತ್ತದೆ, ಗರ್ಡಲ್ ಬೀಟಲ್ ಎನ್ನುತ್ತಾರಲ್ಲ ಅದು. ಇಲ್ಲಿ ದೊಡ್ಡ ಜೀರುಂಡೆಯೇ ರಾತ್ರಿ ಬಂದು ರೆಂಬೆಯ ಸುತ್ತ ಬಳೆ ಹಾಕಿದಂತೆ ತೊಗಟೆ ಕತ್ತರಿಸುತ್ತದೆ. ಮೇಲಿನ ಭಾಗ ಬಾಡುತ್ತದೆ, ಮೊಟ್ಟೆ ಇಡುವುದು ಅಲ್ಲಿ, ಮರಿ ಬೆಳೆಯುವುದೂ ಅಲ್ಲೇ. ಬಾಡಿದ ರೆಂಬೆಯನ್ನು ಕತ್ತರಿಸಿ ಸುಟ್ಟರೆ ಮುಗಿಯಿತು. ಇದನ್ನು ಬುಡದಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ. ಶುರುವಿನಲ್ಲಿ ನಮಗೂ ಬುಡಕ್ಕೆ ಔಷಧಿ ಸುರಿಯಿರಿ ಎಂದವರಿದ್ದರು.

ದ್ರಾಕ್ಷಿಯಲ್ಲೂ ಇದೇ ಹುಳ ಬಳೆ ಹಾಕುತ್ತದೆ.

ಅಗ್ರಿ ವಿದ್ಯಾರ್ಥಿನಿ (ರಾಯಚೂರು):
ಸರ್, ನನ್ನದೊಂದು ಗೊಂದಲ. ಕೃಷಿ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಗಹನ್ ಬರೆದ 1906ರ ಫಾನಾ ಆಫ್ ಬ್ರಿಟಿಷ್ ಇಂಡಿಯಾ ಸಂಪುಟ ನೋಡಿದೆ. ಸೆರಾಂಬಿಸಿಡೀ ಎಂದೇ ಹೆಸರಿದೆ. ಆದರೆ ಬ್ಯಾಟೊಸೆರಾ ಎಲ್ಲೂ ಇಲ್ಲ. ಸ್ಥೇನಿಯಾಸ್ ಸಹ ಇಲ್ಲ. ಪುಟ ಹರಿದು ಹೋಗಿರಬಹುದಾ?

ಕೀಟದ ಗೀಳು (ಕೊಪ್ಪಳ):
ಪುಟ ಸರಿಯಾಗಿಯೇ ಇದೆ ತಂಗಿ. ಆ ಸಂಪುಟದಲ್ಲಿ ಲಾಮಿನೀ ಸೇರಿಲ್ಲ, ಈಗ ಅದು ಸೆರಾಂಬಿಸಿಡೀಯ ಒಂದು ಉಪಕುಟುಂಬ. ಗಹನ್ ಲಾಮಿನೀಯನ್ನು ಬೇರೆ ಕುಟುಂಬವಾಗಿ ಎಣಿಸಿದ್ದ. ಆ ಮಾಲೆಯಲ್ಲಿ ಅದಕ್ಕೆ ಸಂಪುಟವೇ ಬರಲಿಲ್ಲ. ನಮ್ಮ ತೋಟಗಳಿಗೆ ತಲೆನೋವಾದ ಬ್ಯಾಟೊಸೆರಾ, ಸೆಲೊಸ್ಟರ್ನಾ, ಸ್ಥೇನಿಯಾಸ್ ಎಲ್ಲಾ ಲಾಮಿನೀಯವೇ, ನೋಡಿ ನಮ್ಮ ಅದೃಷ್ಟ.

ಪ್ರಯೋಗಾಲಯದಲ್ಲಿ ಲೆನ್ಸ್ ಸಿಗುತ್ತದೆ ಅಲ್ವಾ? ಹಾಗಾದರೆ ಲಾಮಿನೀಯೋ, ಇನ್ನೊಂದು ಉಪಕುಟುಂಬವಾದ ಸೆರಾಂಬಿಸಿನೀಯೋ ಎಂಬುದನ್ನು ನೀವೇ ನೋಡಬಹುದು. ಲಾಮಿನೀಯ ಮುಖ ನೆಟ್ಟಗೆ ಕೆಳಗೆ ಇಳಿದಿರುತ್ತದೆ, ಬಾಯಿ ನೆಲಕ್ಕೆ ನೋಡುತ್ತದೆ. ಸೆರಾಂಬಿಸಿನೀಯ ಮುಖ ಮುಂದಕ್ಕೆ ಓರೆ. ಬಾಯಿಯ ಬಳಿ ಸಣ್ಣ ಸ್ಪರ್ಶಕಗಳಿವೆ, ಅವುಗಳ ಕೊನೆಯ ಗೆಣ್ಣು ಲಾಮಿನೀಯಲ್ಲಿ ಚೂಪು, ಇನ್ನೊಂದರಲ್ಲಿ ತುದಿ ಕತ್ತರಿಸಿದ ಹಾಗೆ ಮೊಂಡ. ಮುಂಗಾಲಿನ ಒಳಮೈಯಲ್ಲಿ ಓರೆಯಾದ ಒಂದು ಗೀರು ಇದ್ದರೆ ಲಾಮಿನೀ. ಇವು ಮಾಸುವ ಗುರುತುಗಳಲ್ಲ, ಹುಳ ಸತ್ತು ವರ್ಷ ಕಳೆದರೂ ಹಾಗೇ ಇರುತ್ತವೆ.

ಎದೆಯ ಪಕ್ಕದಲ್ಲಿ ಹಲ್ಲು ಹಲ್ಲಾದ ಅಂಚು ಇದ್ದು, ಮೈ ಕಂದು-ಕಪ್ಪಗೆ ದೊಡ್ಡದಿದ್ದರೆ ಅದು ಮೂರನೇ ಗುಂಪು, ಪ್ರಿಯೊನಿನೀ. ಅಕ್ಯಾಂಥೊಫೋರಸ್ ಸೆರ್ರಾಟಿಕಾರ್ನಿಸ್ ಅದರಲ್ಲಿ ಬರುತ್ತದೆ. ಲೈಟಿಗೆ ಬಂದರೆ ಮನೆಯವರೆಲ್ಲಾ ಎದ್ದು ನಿಲ್ಲುವಷ್ಟು ದೊಡ್ಡದು.

ಸಂಡೂರು ಗುಡ್ಡ:
ನಾನು ಫೋಟೋ ಮಾತ್ರ ತೆಗೆಯುವವನು, ಹುಳ ಹಿಡಿಯುವುದಿಲ್ಲ, ಕೊಲ್ಲುವುದೂ ಇಲ್ಲ. ಬಣ್ಣದ ಬಗ್ಗೆ ಒಂದು ಅನುಭವ. ಹೊಳೆಮತ್ತಿ ಮರದ ಮೇಲೆ ಒಂದು ಕಂದು ಜೀರುಂಡೆ ಇತ್ತು, ರೆಕ್ಕೆ ರೇಷ್ಮೆ ಬಟ್ಟೆಯ ಹಾಗೆ. ಎಡದಿಂದ ತೆಗೆದ ಫೋಟೋದಲ್ಲಿ ಒಂದು ವಿನ್ಯಾಸ, ಬಲದಿಂದ ತೆಗೆದದ್ದರಲ್ಲಿ ಅದರ ತದ್ವಿರುದ್ಧ. ಹೊಳೆಯುತ್ತಿದ್ದ ಜಾಗ ಮಂಕಾಗಿದೆ, ಮಂಕಾಗಿದ್ದ ಜಾಗ ಹೊಳೆಯುತ್ತಿದೆ. ಎರಡನ್ನೂ ಬೇರೆ ಬೇರೆಯಾಗಿ ಹಾಕಿದ್ದರೆ ಜನ ಎರಡು ಜಾತಿ ಎಂದೇ ಹೇಳುತ್ತಿದ್ದರು.

ಕೀಟದ ಗೀಳು (ಕೊಪ್ಪಳ):
ಅದು ಈಯೊಲೆಸ್ಥಿಸ್ ಹೊಲೊಸೆರಿಸಿಯಾ ಇರಬೇಕು ಸರ್. ಈಚೆಗೆ ಟ್ರೈರಾಕಿಸ್ ಎಂಬ ಕುಲಕ್ಕೆ ಸೇರಿಸಿದ್ದಾರೆ, ಎರಡೂ ಹೆಸರು ಕಾಣಸಿಗುತ್ತವೆ. ಮೈಮೇಲಿನ ಸಣ್ಣ ಕೂದಲು ಬೇರೆ ಬೇರೆ ದಿಕ್ಕಿಗೆ ಮಲಗಿರುತ್ತವೆ. ಬೆಳಕಿನ ಕೋನ ಬದಲಾದರೆ ವಿನ್ಯಾಸವೂ ಬದಲಾಗುತ್ತದೆ. ಹಾಗೆ ಬದಲಾಗುವುದೇ ಅದರ ಗುರುತು.

ಇದರ ಜೊತೆ ಕಲಸಿಹೋಗುವುದು ನಿಯೊಪ್ಲೊಸೀಡೆರಸ್. ಗೇರಿನ ಬೇರು ಕೊರೆಯುವ ಹುಳ ಎಂದು ಕರಾವಳಿಯವರಿಗೆ ಚೆನ್ನಾಗಿ ಗೊತ್ತು. ಹಳೆಯ ಹೆಸರು ಪ್ಲೊಸೀಡೆರಸ್. ಅದಕ್ಕೆ ಎದೆಯ ಪಕ್ಕದಲ್ಲಿ ಮುಳ್ಳು ಇದೆ. ರೇಷ್ಮೆಯಂಥದಕ್ಕೆ ಎದೆ ಸುಕ್ಕು ಸುಕ್ಕು, ಅಂಥ ಚೂಪು ಮುಳ್ಳಿಲ್ಲ. ನಿಯೊಪ್ಲೊಸೀಡೆರಸ್ ಹೋದ ಮೇಲೂ ಮರದೊಳಗೆ ಒಂದು ಸಾಕ್ಷಿ ಉಳಿಯುತ್ತದೆ. ಮರಿ ಕೋಶಕ್ಕೆ ಹೋಗುವಾಗ ಸುತ್ತ ಸುಣ್ಣದ ಗೂಡು ಕಟ್ಟಿಕೊಳ್ಳುತ್ತದೆ, ಮುಟ್ಟಿದರೆ ಮೊಟ್ಟೆಯ ಚಿಪ್ಪಿನ ಹಾಗೆ ಗಟ್ಟಿ. ಕಟ್ಟಿಗೆ ಸೀಳಿದಾಗ ಅದು ಸಿಕ್ಕರೆ ಜೀರುಂಡೆ ನೋಡದೆಯೇ ಸುಮಾರು ದೂರ ಹೋಗಬಹುದು.

ಕೊಲ್ಲದೆ ಗುರುತಿಸುವುದಕ್ಕೆ ನನ್ನ ವಿರೋಧ ಇಲ್ಲ. ಬ್ಯಾಟೊಸೆರಾ, ಸ್ಥೇನಿಯಾಸ್‌ನಂಥವಕ್ಕೆ ಒಳ್ಳೆಯ ಫೋಟೋ ಸಾಕು. ಎಲ್ಲದಕ್ಕೂ ಸಾಕಾಗುವುದಿಲ್ಲ.

ಸಂಡೂರು ಗುಡ್ಡ:
ಯಾವುದಕ್ಕೆ ಸಾಕಾಗುವುದಿಲ್ಲ?

ಕೀಟದ ಗೀಳು (ಕೊಪ್ಪಳ):
ಉದಾಹರಣೆಗೆ ಅಪೊಮೆಸೈನಾ. ಸೋರೆ, ಹೀರೆ, ಕುಂಬಳದ ಬಳ್ಳಿ ಕೊರೆಯುವ ಪುಟ್ಟ ಕಂದು ಜೀರುಂಡೆ, ಮೈಮೇಲೆ ಬಿಳಿ ಚುಕ್ಕೆ ಸಾಲು. ಸಾಲ್ಟೇಟರ್ ಮತ್ತು ಹಿಸ್ಟ್ರಿಯೋ ಎಂದು ಎರಡು ಹೆಸರು ಓಡಾಡುತ್ತವೆ. ಬೆನ್ನಿನ ಒಂದೇ ಫೋಟೋ ಕೊಟ್ಟರೆ ನಾನು ಅಪೊಮೆಸೈನಾ ಎಂದು ಬರೆದು ನಿಲ್ಲಿಸುತ್ತೇನೆ. ತೀರಾ ಹತ್ತಿರದ ಜಾತಿಗಳಿದ್ದಾಗ ತಜ್ಞರು ಗಂಡಿನ ಜನನಾಂಗ ಬಿಡಿಸಿ ನೋಡುತ್ತಾರೆ. ಅದಕ್ಕೆ ಹುಳ ಕೈಯಲ್ಲಿ ಬೇಕು.

ಆದರೆ ಅಭಯಾರಣ್ಯದ ಒಳಗೆ, ನಿಮ್ಮ ಪಕ್ಕದ ದರೋಜಿ ಕರಡಿಧಾಮದಂಥ ಕಡೆ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಂದು ಇರುವೆಯನ್ನೂ ಎತ್ತಬಾರದು. ಅಲ್ಲಿ ಕ್ಯಾಮೆರಾ ಮಾತ್ರ.

ಕುಷ್ಟಗಿ ದಾಳಿಂಬೆ:
ಹೊಸ ಫೋಟೋ ಹಾಕಿದ್ದೇನೆ. ಮಗಳು ತೆಗೆದಳು, ಅವಳ ಮೊಬೈಲ್ ಚೆನ್ನಾಗಿದೆ. ಒಂದನೆಯದರ ಮುಖ ನೆಟ್ಟಗೆ ಕೆಳಗಿದೆ. ಎದೆಯ ಪಕ್ಕದಲ್ಲಿ ಮುಳ್ಳಿದೆ. ಮೈ ಮಾಸಲು ಹಳದಿ-ಕಂದು, ಸಣ್ಣ ಕಪ್ಪು ಚುಕ್ಕೆ. ಎದೆಯ ಮೇಲೆ ಕೆಂಪು ಮಚ್ಚೆ ಇಲ್ಲ. ಸ್ಕೇಲಿಗೆ ಹಿಡಿದರೆ ಮೂರೂವರೆ ಸೆಂಟಿಮೀಟರ್ ಹತ್ತಿರ. ಮೂರನೆಯದಕ್ಕೆ ಮುಖ ಓರೆ, ಮುಳ್ಳಿಲ್ಲ, ಪೂರ್ತಿ ಕಂದು, ಮೈಮೇಲೆ ಸಣ್ಣ ಕೂದಲು.

ಮಗಳ ಪ್ರಶ್ನೆ: ಎರಡನೆಯದರ ಎದೆಯ ಮೇಲಿನ ಮಚ್ಚೆ ಮೊದಲ ಫೋಟೋದಲ್ಲಿ ಕೆಂಪಗಿತ್ತು, ಈಗ ಸತ್ತ ಮೇಲೆ ಪೇಲವವಾಗಿದೆ. ಯಾಕೆ?

ಕೀಟದ ಗೀಳು (ಕೊಪ್ಪಳ):
ಮಗಳಿಗೆ ಶಹಬ್ಬಾಸ್ ಹೇಳಿ. ಫೋಟೋ ಸ್ಪಷ್ಟವಾಗಿದೆ, ಪ್ರಶ್ನೆ ಅದಕ್ಕಿಂತ ಚೆನ್ನಾಗಿದೆ. ಬ್ಯಾಟೊಸೆರಾದ ಆ ಮಚ್ಚೆಗಳು ಸತ್ತ ಮೇಲೆ ಮಾಸುತ್ತವೆ, ಕೆಂಪು ಹೋಗಿ ಹಳದಿ, ಆಮೇಲೆ ಬಿಳಿಚು. ಮ್ಯೂಸಿಯಂನ ಹಳೆಯ ಹುಳ ನೋಡಿ "ಬಿಳಿ ಮಚ್ಚೆ" ಎಂದು ಬರೆದಿರುತ್ತಾರೆ, ತೋಟದಲ್ಲಿ ಜೀವಂತ ನೋಡಿದವನು "ಕೆಂಪು ಮಚ್ಚೆ" ಎನ್ನುತ್ತಾನೆ, ಇಬ್ಬರೂ ಒಂದೇ ಹುಳ ನೋಡಿರುತ್ತಾರೆ. ಅದಕ್ಕೇ ಜೀವಂತ ಇದ್ದಾಗಿನ ಬಣ್ಣ ಚೀಟಿಯಲ್ಲಿ ಬರೆದಿಡಬೇಕು.

ಈಗ ನಿಮ್ಮ ಮೂರಕ್ಕೆ ಬರುತ್ತೇನೆ.

ಎರಡನೆಯದು ಬ್ಯಾಟೊಸೆರಾ ರುಫೊಮ್ಯಾಕುಲೇಟಾ. ಚುಕ್ಕೆ ಸಣ್ಣವು, ಬಹಳ ಇವೆ. ಮೀಸೆಯ ಗೆಣ್ಣುಗಳಲ್ಲಿ ಆ ದಪ್ಪ ತುದಿ ಇಲ್ಲ, ಉದ್ದ ನೋಡಿದರೆ ಗಂಡೇ. ಪಕ್ಕದ ಮಾವಿನವರಿಗೆ ತಿಳಿಸಿ, ಬೊಡ್ಡೆಯಲ್ಲಿ ರಂಧ್ರ, ಅದರಿಂದ ಉದುರುವ ಹೊಟ್ಟು ಹುಡುಕಲಿ. ನಿಮ್ಮ ದಾಳಿಂಬೆಗೆ ಇದರ ಚಿಂತೆ ಬೇಡ.

ಒಂದನೆಯದು ಸೆಲೊಸ್ಟರ್ನಾ. ಜಾಲಿ ಮರದ ಹಳೆಯ ಶತ್ರು. ಮಳೆ ಬಿದ್ದ ಮೇಲೆ ಹೊರಬರುತ್ತದೆ, ದೊಡ್ಡ ಜೀರುಂಡೆ ಎಳೆ ರೆಂಬೆಯ ತೊಗಟೆ ತಿನ್ನುತ್ತದೆ, ನೀವು ಕಂಡದ್ದು ಅದನ್ನೇ. ಮೊಟ್ಟೆ ಇಡುವುದು ಬುಡದ ಹತ್ತಿರ ತೊಗಟೆಯ ಒಳಗೆ. ಮರಿ ಅಲ್ಲಿಂದ ಕೆಳಕ್ಕೆ ಕೊರೆಯುತ್ತಾ ಜಾಲಿಯಲ್ಲಾದರೆ ಬೇರಿಗೂ ಇಳಿಯುತ್ತದೆ. ಹೊಟ್ಟನ್ನು ನೆಲಮಟ್ಟದ ರಂಧ್ರದಿಂದ ಹೊರಗೆ ತಳ್ಳುತ್ತದೆ. ವರ್ಷಕ್ಕೆ ಒಂದೇ ಪೀಳಿಗೆ. ನೀಲಗಿರಿ, ದ್ರಾಕ್ಷಿಗೂ ಹೋಗುತ್ತದೆ.

ಮೂರನೆಯದು ಸ್ಟ್ರೊಮೇಶಿಯಂ ಬಾರ್ಬೇಟಂ. ಸೆರಾಂಬಿಸಿನೀ. ಗಂಡಿನ ಎದೆಯ ಎರಡೂ ಪಕ್ಕದಲ್ಲಿ ಕೂದಲು ತುಂಬಿದ ತಗ್ಗು ಇರುತ್ತದೆ, ಮಗಳು ತೆಗೆದ ನಾಲ್ಕನೇ ಫೋಟೋದಲ್ಲಿ ಅದು ಕಾಣುತ್ತಿದೆ. ಇದು ನಿಮ್ಮ ತೋಟದಿಂದ ಬಂದಿರಲಾರದು. ಮನೆಯ ಬಾಗಿಲು, ಮಂಚ, ಇಲ್ಲವೇ ಹಿತ್ತಲಿನ ಸೌದೆ ನೋಡಿ.

ಬಡಗಿ ಮನೆ (ರಾಯಚೂರು):
ಓಹೋ, ಇದರ ಹೆಸರು ಸ್ಟ್ರೊಮೇಶಿಯಮ್ಮಾ! ಚೌಕಟ್ಟು ಕೂರಿಸಿ ಎಷ್ಟೋ ವರ್ಷ ಆದ ಮೇಲೆ ಗಿರಾಕಿ ಬಂದು ಜಗಳ ತೆಗೆಯುತ್ತಾರೆ, "ಹುಳ ಇರೋ ಕಟ್ಟಿಗೆ ಕೊಟ್ಟಿದ್ದೀರಿ" ಎಂದು. ಅಷ್ಟು ವರ್ಷ ಒಳಗೇ ಇರಲು ಸಾಧ್ಯವಾ ಸರ್?

ಕೀಟದ ಗೀಳು (ಕೊಪ್ಪಳ):
ಸಾಧ್ಯ. ಒಣ ಕಟ್ಟಿಗೆಯಲ್ಲಿ ಸತ್ವ ಕಡಿಮೆ, ಮರಿ ನಿಧಾನ ಬೆಳೆಯುತ್ತದೆ. ಕೆಲವೊಮ್ಮೆ ಹತ್ತು ವರ್ಷದವರೆಗೂ ಎಳೆಯುತ್ತದೆ. ಆದರೆ ಗಿರಾಕಿ ಮಾತು ಪೂರ್ತಿ ಸತ್ಯ ಎನ್ನಲೂ ಆಗದು. ಈ ಹುಳ ಕೆಲಸ ಮುಗಿದ ಕಟ್ಟಿಗೆಯ ಬಿರುಕಿನಲ್ಲೂ ಮೊಟ್ಟೆ ಇಡಬಲ್ಲದು. ಹಾಗಾಗಿ ನಿಮ್ಮ ಅಂಗಡಿಯಿಂದ ಹೋಯಿತೋ ಅವರ ಮನೆಯಲ್ಲಿ ಸೇರಿತೋ ಹೇಳುವುದು ಕಷ್ಟ. ಮರದ ಜಾತಿಯಿಂದಲೂ ತಿಳಿಯುವುದಿಲ್ಲ, ನೂರಾರು ಬಗೆಯ ಕಟ್ಟಿಗೆ ತಿನ್ನುತ್ತದೆ.

ಬಡಗಿ ಮನೆ (ರಾಯಚೂರು):
ಈ ಉತ್ತರವನ್ನು ಪ್ರಿಂಟ್ ತೆಗೆದು ಅಂಗಡಿಯಲ್ಲಿ ಅಂಟಿಸುತ್ತೇನೆ.
ಇನ್ನೊಂದು. ಬಿದಿರಿನ ಏಣಿಯಿಂದ ಹಳದಿ-ಕಪ್ಪು ಜೀರುಂಡೆ ಹೊರಬರುತ್ತದೆ, ಕಣಜದ ಹಾಗೆ ಕಾಣುತ್ತದೆ. ಚಿಕ್ಕಮಗಳೂರಿನ ನಮ್ಮ ಬೀಗರು ಅದನ್ನು ನೋಡಿ ಕಾಫಿಯ ಬಿಳಿ ಕಾಂಡ ಕೊರಕ ಎಂದರು.

ಅಗ್ರಿ ವಿದ್ಯಾರ್ಥಿನಿ (ರಾಯಚೂರು):
ಇದಕ್ಕೆ ನಾನು ಹೇಳಲಾ? ಬಿದಿರಿನದು ಕ್ಲೊರೊಫೋರಸ್ ಆನ್ಯುಲಾರಿಸ್, ಹಳದಿ ಮೈಮೇಲೆ ಕಪ್ಪು ಉಂಗುರದಂಥ ಗುರುತು. ಕಾಫಿಯದು ಕ್ಸೈಲೊಟ್ರೆಕಸ್ ಕ್ವಾಡ್ರಿಪಿಸ್, ಕಪ್ಪು ಮೈಮೇಲೆ ಬಿಳಿ ಪಟ್ಟೆ. ಎರಡೂ ಒಂದೇ ಬುಡಕಟ್ಟು, ಅಂದರೆ ಹತ್ತಿರದ ಕುಲಗಳ ಒಂದೇ ಗುಂಪಿನವು. ಬಣ್ಣ ಬೇಡ ಎಂದರೆ ಹಣೆ ನೋಡಬೇಕು. ಕ್ಸೈಲೊಟ್ರೆಕಸ್ ಹಣೆಯ ಮೇಲೆ ಉದ್ದಕ್ಕೆ ಎದ್ದ ಗೆರೆಗಳಿವೆ, ಕ್ಲೊರೊಫೋರಸ್‌ಗೆ ಇಲ್ಲ. ಲೆನ್ಸ್ ಹಿಡಿದು ನೋಡಿದರೆ ಕಾಣುತ್ತದೆ.

ಕೀಟದ ಗೀಳು (ಕೊಪ್ಪಳ):
👌 ಸೇರಿಸಲು ಏನೂ ಉಳಿದಿಲ್ಲ.

ದ್ರಾಕ್ಷಿ ಚಪ್ಪರ (ಕೊಪ್ಪಳ):
ಸೆಲೊಸ್ಟರ್ನಾ ದ್ರಾಕ್ಷಿಗೂ ಬರುತ್ತದೆ ಎಂದಿರಿ. ಸ್ಟ್ರೊಮೇಶಿಯಂ ಒಣ ಕಟ್ಟಿಗೆಯದು ಎಂದಿರಿ. ಆದರೆ ನಮ್ಮ ದ್ರಾಕ್ಷಿ ತರಬೇತಿಯಲ್ಲಿ ಎರಡನ್ನೂ ಕಾಂಡ ಕೊರಕ ಎಂದು ತೋರಿಸಿದ್ದರು. ಯಾವುದು ಸರಿ?

ಕೀಟದ ಗೀಳು (ಕೊಪ್ಪಳ):
ತರಬೇತಿಯವರು ಹೇಳಿದ್ದು ಸರಿ. ದ್ರಾಕ್ಷಿಯಲ್ಲಿ ಸ್ಟ್ರೊಮೇಶಿಯಂ ಸಹ ಕಾಂಡ ಕೊರೆಯುತ್ತದೆ. ಬಡಗಿಯವರ ಚೌಕಟ್ಟಿನ ಮಾತು ಬೇರೆ, ಹಳೆಯ ಬಳ್ಳಿಯ ಮಾತು ಬೇರೆ. ದ್ರಾಕ್ಷಿಗೆ ಮೂರನೆಯದೂ ಒಂದಿದೆ, ಡರ್ವಿಷಿಯಾ ಕದಂಬೀ. ಅದು ಜೀರುಂಡೆಯೇ ಅಲ್ಲ, ಪತಂಗದ ಮರಿ. ಮರಿಗೆ ಎದೆಯಲ್ಲಿ ಕಾಲು, ಹೊಟ್ಟೆಯ ಕೆಳಗೆ ಹುಸಿಗಾಲು ಸ್ಪಷ್ಟವಾಗಿ ಕಂಡರೆ ಪತಂಗದ ಕಡೆಯದು. ಉದ್ದಮೀಸೆಯವುಗಳ ಮರಿಗೆ ಹುಸಿಗಾಲು ಇರುವುದಿಲ್ಲ.

ಅಂಜೂರ ತೋಟ (ಕುರುಗೋಡು):
ಮರಿಯಿಂದಲೇ ಜಾತಿ ಗೊತ್ತಾಗುತ್ತದಾ? ನಮಗೆ ಕೊಂಬೆ ಸೀಳಿದಾಗ ಸಿಗುವುದು ಮರಿಯೇ, ಜೀರುಂಡೆ ಅಪರೂಪ.

ಕೀಟದ ಗೀಳು (ಕೊಪ್ಪಳ):
ಗುಂಪು ಗೊತ್ತಾಗುತ್ತದೆ. ಲಾಮಿನೀ ಮರಿಗೆ ಕಾಲೇ ಇಲ್ಲ, ತಲೆ ಉದ್ದ, ಎದೆಯೊಳಗೆ ಹುದುಗಿರುತ್ತದೆ. ಸೆರಾಂಬಿಸಿನೀ ಮರಿಗೆ ಸಾಮಾನ್ಯವಾಗಿ ಲೆನ್ಸಿಗೆ ಕಾಣುವಷ್ಟು ಪುಟ್ಟ ಕಾಲು, ದವಡೆಯ ತುದಿ ದುಂಡು. ಜಾತಿ ಹೇಳಬೇಕಾದರೆ ಎರಡು ದಾರಿ. ಮರಿ ಇದ್ದ ಕೊಂಬೆಯ ತುಂಡನ್ನೇ ಸಣ್ಣ ಜಾಲರಿ ಮುಚ್ಚಿದ ಡ್ರಮ್ಮಿನಲ್ಲಿಟ್ಟು ಜೀರುಂಡೆ ಹೊರಬರುವವರೆಗೆ ಕಾಯಬೇಕು. ಇಲ್ಲವೇ ಡಿಎನ್ಎ. ಸಿಒಐ ಎಂಬ ಜೀನಿನ ಸುಮಾರು 658 ಅಕ್ಷರಗಳ ತುಣುಕು ಓದಿ, ಗೊತ್ತಿರುವ ಜಾತಿಗಳ ಜೊತೆ ಹೋಲಿಸುತ್ತಾರೆ. ಮರಿ, ಮೊಟ್ಟೆ, ಮುರಿದ ಕಾಲು ಯಾವುದಾದರೂ ಸರಿ. ಆದರೆ ಹೋಲಿಸುವ ಪಟ್ಟಿಯಲ್ಲಿ ಹೆಸರು ತಪ್ಪಿದ್ದರೆ ಉತ್ತರವೂ ತಪ್ಪುತ್ತದೆ. ಯಂತ್ರ ಹೇಳಿತು ಎಂದು ಕಣ್ಣು ಮುಚ್ಚಿ ನಂಬುವವನು ನಾನಲ್ಲ.

ಅಗ್ರಿ ವಿದ್ಯಾರ್ಥಿನಿ (ರಾಯಚೂರು):
ಸರ್, ಒಂದು ತಕರಾರು. ಕುಷ್ಟಗಿ ಅಣ್ಣನವರದಕ್ಕೆ ಬರೀ ಸೆಲೊಸ್ಟರ್ನಾ ಎಂದು ನಿಲ್ಲಿಸಿದಿರಿ. ನಮ್ಮ ನೋಟ್ಸಿನಲ್ಲಿ ದಾಳಿಂಬೆಯದು ಸೆಲೊಸ್ಟರ್ನಾ ಸ್ಪೈನೇಟರ್, ದ್ರಾಕ್ಷಿ ಮತ್ತು ಜಾಲಿಯದು ಸೆಲೊಸ್ಟರ್ನಾ ಸ್ಕ್ಯಾಬ್ರೇಟರ್ ಎಂದಿದೆ. ದಾಳಿಂಬೆ ಮೇಲೆ ಸಿಕ್ಕಿದೆ, ಹಾಗಾದರೆ ಸ್ಪೈನೇಟರ್ ಎಂದು ಬರೆಯಬಹುದಲ್ಲ?

ಕೀಟದ ಗೀಳು (ಕೊಪ್ಪಳ):
ಬರೆಯಬಹುದು, ಪರೀಕ್ಷೆಯಲ್ಲಿ ಅಂಕವೂ ಸಿಗಬಹುದು. ನಾನು ಬರೆಯುವುದಿಲ್ಲ. ನೋಟ್ಸಿನಲ್ಲಿ ಹೆಸರು ಬೆಳೆಯ ಪಕ್ಕದಲ್ಲಿದೆ, ಹುಳದ ಯಾವ ಗುರುತಿನ ಪಕ್ಕದಲ್ಲೂ ಇಲ್ಲ. ಬದುವಿನ ಜಾಲಿಯಲ್ಲಿ ಹುಟ್ಟಿ ಹತ್ತು ಹೆಜ್ಜೆ ಹಾರಿ ದಾಳಿಂಬೆ ಮೇಲೆ ಕೂತ ಜೀರುಂಡೆಗೆ ದಾರಿಯಲ್ಲಿ ಜಾತಿ ಬದಲಾಗುತ್ತದಾ? ಹುಳ ನೋಡಿ ಇದು ಸ್ಪೈನೇಟರ್, ಇದಕ್ಕೆ ಈ ಗುರುತು ಎಂದು ಯಾರಾದರೂ ತೋರಿಸಿದರೆ ಒಪ್ಪುತ್ತೇನೆ. ಬೆಳೆ ನೋಡಿ ಇಟ್ಟ ಹೆಸರನ್ನು ಒಪ್ಪುವುದಿಲ್ಲ.

ಹುಡುಕುವಾಗ ಒಂದು ನೆನಪಿಡಿ. ಹಳೆಯ ಬರಹಗಳಲ್ಲಿ ಇದೇ ಕುಲದ ಇಂಗ್ಲಿಷ್ ಅಕ್ಷರದ ಹೆಸರನ್ನು (Celosterna) 'ಸಿ' ಆದಮೇಲೆ 'ಒ' ಸೇರಿಸಿ Coelosterna ಎಂದು ಬರೆದಿರುತ್ತಾರೆ. ಎರಡೂ ತರಹ ಹುಡುಕಬೇಕು, ಇಲ್ಲದಿದ್ದರೆ ಅರ್ಧ ಮಾಹಿತಿ ಸಿಗುವುದಿಲ್ಲ.

ಅಗ್ರಿ ವಿದ್ಯಾರ್ಥಿನಿ (ರಾಯಚೂರು):
ಒಪ್ಪಿದೆ, ಆದರೆ ಅರ್ಧ ಮಾತ್ರ. ಕುಲಕ್ಕೇ ನಿಲ್ಲಿಸಿದರೆ ರೈತರು ಅದನ್ನು ಉತ್ತರ ಎಂದುಕೊಳ್ಳುವುದಿಲ್ಲ ಸರ್. "ಇವರಿಗೂ ಗೊತ್ತಿಲ್ಲ" ಎಂದುಕೊಂಡು ಮತ್ತೆ ಅಂಗಡಿಗೆ ಹೋಗುತ್ತಾರೆ.

ಲಿಂಗಸುಗೂರು ರೈತ:
ಹಾಗೇನಿಲ್ಲ ತಂಗಿ. ಬುಡ ನೋಡು ಎಂದು ಹೇಳಿದರಲ್ಲ, ನಮಗೆ ಬೇಕಾದದ್ದು ಅದೇ. ಮುಂದಿನ ಹೆಸರು ನೀವು ನೀವು ಬಡಿದಾಡಿಕೊಳ್ಳಿ.

ಕುಷ್ಟಗಿ ದಾಳಿಂಬೆ:
ಬುಡ ನೋಡಿದೆ. ಒಣಗಿದ ಒಂದು ಗಿಡದಲ್ಲಿ ನೀವು ಹೇಳಿದಂತೆಯೇ ನೆಲಮಟ್ಟದಲ್ಲಿ ರಂಧ್ರ, ಕೆಳಗೆ ಕಟ್ಟಿಗೆ ಹೊಟ್ಟಿನ ಸಣ್ಣ ಗುಡ್ಡೆ. ಸೀಳಿದೆ, ಕಾಲಿಲ್ಲದ ಬಿಳಿ ಮರಿ ಸಿಕ್ಕಿತು. ಇನ್ನೊಂದು ಗಿಡದಲ್ಲಿ ಅಂಥ ರಂಧ್ರ ಇಲ್ಲ. ಗುಂಡುಸೂಜಿ ಚುಚ್ಚಿದಂಥ ತೂತುಗಳು ಬುಡದಲ್ಲಿ ಬಹಳ ಇವೆ. ಇದು ಅದೇ ಹುಳದ ಎಳೆ ಮರಿಯಾ?

ಕೀಟದ ಗೀಳು (ಕೊಪ್ಪಳ):
ಅಲ್ಲ. ಎರಡನೇ ಗಿಡದ್ದು ಶಾಟ್ ಹೋಲ್ ಬೋರರ್. ಎರಡು ಮಿಲಿಮೀಟರ್ ಆಸುಪಾಸಿನ ಪುಟ್ಟ ಕಪ್ಪು-ಕಂದು ಜೀರುಂಡೆ, ಉದ್ದಮೀಸೆಗೂ ಅದಕ್ಕೂ ಸಂಬಂಧ ಇಲ್ಲ. ಅದು ತನ್ನ ಜೊತೆ ಶಿಲೀಂಧ್ರವನ್ನೂ ಒಳಗೆ ಒಯ್ಯುತ್ತದೆ. ಸೊರಗು ರೋಗ ಇರುವ ಗಿಡದಲ್ಲಿ ಜಾಸ್ತಿ ಕಾಣುತ್ತದೆ. ಆ ಗಿಡದ ಬೇರು, ಬುಡದ ತುಂಡು, ಸುತ್ತಲಿನ ಮಣ್ಣು ತೆಗೆದುಕೊಂಡು ಗಂಗಾವತಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ. ಶಿಲೀಂಧ್ರವೋ, ಬೇರುಗಂಟು ಜಂತುವೋ ಅಲ್ಲಿ ನೋಡಲಿ. ಫೋಟೋದಲ್ಲಿ ಹೇಳುವ ವಿಷಯ ಅದಲ್ಲ.

ಮೊದಲ ಗಿಡದ ಸುತ್ತ ಇರುವ ಗಿಡಗಳ ಬುಡ ಕೆದಕಿ ನೋಡಿ. ಹೊಸ ಹೊಟ್ಟು ಕಂಡರೆ ರಂಧ್ರ ಅಗಲಿಸಿ, ತಂತಿ ಕೊಕ್ಕೆಯಿಂದ ಮರಿ ಎಳೆದು ತೆಗೆದು ಮಣ್ಣು ಮೆತ್ತಿ. ರೆಂಬೆ ಕೆರೆಯುತ್ತಾ ಕೂತ ಜೀರುಂಡೆಗಳನ್ನು ಬೆಳಿಗ್ಗೆ ಕೈಯಲ್ಲೇ ಹಿಡಿಯಬಹುದು. ಬದುವಿನ ಜಾಲಿ ಬುಡವನ್ನೂ ಬಿಡಬೇಡಿ. ತೊಗಟೆ ಮೇಲೆ ರೇಷ್ಮೆ ಎಳೆಗೆ ಹಿಕ್ಕೆ ಅಂಟಿದ ಪಟ್ಟಿ ಎಲ್ಲಾದರೂ ಕಂಡರೆ ಅದು ತೊಗಟೆ ತಿನ್ನುವ ಹುಳ, ಪತಂಗದ ಮರಿ. ಅದನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಯಾವ ಔಷಧಿ, ಎಷ್ಟು ಪ್ರಮಾಣ ಎಂಬುದನ್ನು ಕೇಂದ್ರದವರ ಬಾಯಿಂದಲೇ ಕೇಳಿ. ಹಣ್ಣು ಮಾರುವ ಬೆಳೆ, ಅಂದಾಜಿನಲ್ಲಿ ಸುರಿಯುವುದು ಬೇಡ.

ಕುಷ್ಟಗಿ ದಾಳಿಂಬೆ:
ಆಗಲಿ. ಮರಿ ಮತ್ತು ಜೀರುಂಡೆಗಳನ್ನು ಬೆಂಗಳೂರಿಗೆ ಕಳಿಸಿ ಜಾತಿ ಕೇಳೋಣ ಎಂದು ಮಗಳು ಹಠ ಮಾಡುತ್ತಿದ್ದಾಳೆ. ಹೇಗೆ ಕಳಿಸುವುದು?

ಅಗ್ರಿ ವಿದ್ಯಾರ್ಥಿನಿ (ರಾಯಚೂರು):
ಬೆಂಗಳೂರಿನಲ್ಲಿ ಐಸಿಎಆರ್‌ನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಇದೆ ಅಣ್ಣಾ, ಎನ್‌ಬಿಎಐಆರ್ ಎನ್ನುತ್ತಾರೆ. ಕೀಟಗಳ ದೊಡ್ಡ ಸಂಗ್ರಹ ಅಲ್ಲಿದೆ. ಕಟ್ಟಿಗೆ ಕೊರೆಯುವ ಹುಳಗಳ ಬಗ್ಗೆ ಮಲ್ಲೇಶ್ವರದ ಮರವಿಜ್ಞಾನ ಸಂಸ್ಥೆಯವರೂ ಕೆಲಸ ಮಾಡುತ್ತಾರೆ. ಕಳಿಸುವ ಮೊದಲು ಫೋನ್ ಮಾಡಿ ಕೇಳಿ.

ಮರಿಯನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ, ಆಮೇಲೆ ಆಲ್ಕೋಹಾಲಿಗೆ ಹಾಕಬೇಕು. ನೇರವಾಗಿ ಹಾಕಿದರೆ ಕಪ್ಪಾಗುತ್ತದೆ. ಡಿಎನ್ಎ ಮಾಡಿಸುವುದಾದರೆ ಒಂದೆರಡು ಮರಿಗಳನ್ನು ಬಿಸಿನೀರಿಗೆ ಹಾಕದೆ ನೇರ ಗಾಢ ಆಲ್ಕೋಹಾಲಿನಲ್ಲಿಡಿ. ಜೀರುಂಡೆಗಳನ್ನು ನೆರಳಲ್ಲಿ ಒಣಗಿಸಿ, ಮೀಸೆ ಮುರಿಯದಂತೆ ಟಿಶ್ಯೂ ಕಾಗದದಲ್ಲಿ ಸುತ್ತಿ ಗಟ್ಟಿ ಡಬ್ಬಿಯಲ್ಲಿಡಿ, ನುಸಿಗುಳಿಗೆ ಹಾಕಿ. ಒಂದೊಂದು ಹುಳಕ್ಕೂ ಬೇರೆ ಚೀಟಿ. ಪೆನ್ಸಿಲಿನಲ್ಲೇ ಬರೆಯಿರಿ, ಪೆನ್ನಿನ ಮಸಿ ಆಲ್ಕೋಹಾಲಿನಲ್ಲಿ ಹರಡುತ್ತದೆ.

ಕುಷ್ಟಗಿ ದಾಳಿಂಬೆ:
ಚೀಟಿಯಲ್ಲಿ ಒಂದನೆಯದಕ್ಕೆ ಏನೆಂದು ಬರೆಯಲಿ? ಸ್ಪೈನೇಟರ್ ಎಂದೋ ಸ್ಕ್ಯಾಬ್ರೇಟರ್ ಎಂದೋ?

ಕೀಟದ ಗೀಳು (ಕೊಪ್ಪಳ):
ಎರಡೂ ಬೇಡ. "ಸೆಲೊಸ್ಟರ್ನಾ. ಕುಷ್ಟಗಿ ತಾಲ್ಲೂಕು, ಕೊಪ್ಪಳ ಜಿಲ್ಲೆ. ದಾಳಿಂಬೆಯ ಹಸಿ ರೆಂಬೆಯ ತೊಗಟೆ ತಿನ್ನುತ್ತಿತ್ತು, ಹಗಲು. ಪಕ್ಕದಲ್ಲಿ ಕರಿಜಾಲಿ." ಕೆಳಗೆ ತಾರೀಖು, ಜೀವಂತ ಇದ್ದಾಗಿನ ಬಣ್ಣ, ಹಿಡಿದವರ ಹೆಸರು. ಮರಿಯ ಚೀಟಿಯಲ್ಲಿ ಸೆಲೊಸ್ಟರ್ನಾ ಎಂದೂ ಬರೆಯಬೇಡಿ. ಅದು ಒಳಗಿದ್ದದ್ದನ್ನು ಕಂಡಿದ್ದೇವೆ, ಜೀರುಂಡೆಯಾಗಿ ಹೊರಬಂದದ್ದನ್ನು ಕಂಡಿಲ್ಲ. "ಲಾಮಿನೀ ಮರಿ, ದಾಳಿಂಬೆ ಬುಡ, ನೆಲಮಟ್ಟದ ರಂಧ್ರ" ಅಷ್ಟು ಸಾಕು. ಎರಡನ್ನೂ ಒಂದೇ ಪಾರ್ಸಲ್‌ನಲ್ಲಿ ಕಳಿಸಿ, ಡಬ್ಬಿ ಮತ್ತು ಚೀಟಿ ಬೇರೆ ಬೇರೆ ಇರಲಿ.